ಧ್ರುವನೌಕೆಯ ನಾಲ್ಕನೇ ವರ್ಷ

"ಎಲ್ಲರೂ ಹಿಂದೆ ಸರೀರಿ!" ಎಂದು ಮಹಲಿಂಗಪ್ಪ ಕೈ ಎತ್ತಿದ.

ಎಲ್ಲರೂ ಎಂದರೆ ಅವನ ಅಕ್ಕ ಗಂಗಾಂಬಿಕೆ ಮತ್ತು ಭಾವ ವೀರಭದ್ರಯ್ಯ, ಇಬ್ಬರೇ. ಕುಣಿಗಲ್ಲಿನ ಆ ಪುಟ್ಟ ಹಜಾರದಲ್ಲಿ ಹಿಂದೆ ಸರಿದರೆ ಸಿಗುವುದು ಗೋಡೆ. ವೀರಭದ್ರಯ್ಯ ಗೋಡೆಗೆ ಬೆನ್ನು ಹಚ್ಚಿ ನಿಂತರು. ಗಂಗಾಂಬಿಕೆ ಅವರೆಕಾಯಿ ಸುಲಿಯುತ್ತ ಕೂತಲ್ಲೇ ಕೂತರು.

ಹಜಾರದ ನಡುವೆ ಮರದ ಶಟರಿನ ಹಳೆಯ ಕಪ್ಪು ಬಿಳುಪು ಟೀವಿ. ಇಷ್ಟು ವರ್ಷ ಹೊಸ ಟೀವಿಗೆ ಪೀಠವಾಗಿದ್ದುದೇ ಅದರ ಉದ್ಯೋಗ. ಈಗ ಹೊಸದನ್ನು ಮಂಚದ ಮೇಲೆ ಮಲಗಿಸಿ, ಹಳೆಯದಕ್ಕೆ ಮಹಲಿಂಗಪ್ಪ ತನ್ನ ಯಂತ್ರವನ್ನು ಜೋಡಿಸಿದ್ದ. ಒಂದು ಇಡ್ಲಿ ಪಾತ್ರೆ, ಅದರ ಗುಳಿಗುಳಿಗೂ ತಾಮ್ರದ ಸುರುಳಿ, ಪಕ್ಕದಲ್ಲಿ ಸ್ಕೂಟರಿನ ಬ್ಯಾಟರಿ, ನೆತ್ತಿಯ ಮೇಲೆ ಬಟ್ಟೆ ಕಿತ್ತ ಕೊಡೆಯ ಕಡ್ಡಿಗಳು. ಹೆಸರು ಮಾತ್ರ ‘ದೃಶ್ಯೋದ್ಧಾರಕ’!

"ಅದು ನನ್ನ ಇಡ್ಲಿ ಪಾತ್ರೆ," ಎಂದರು ಗಂಗಾಂಬಿಕೆ.

"ಆಗಿತ್ತು ಅಕ್ಕ, ಆಗಿತ್ತು! ಈಗ ಅದು ವಿಜ್ಞಾನದ ಸ್ವತ್ತು. ನೋಡಿ ಭಾವ, ಗಾಜಿಗೆ ನೆನಪಿದೆ. ವರ್ಷಗಟ್ಟಲೆ ಬೆಳಕು ಕುಡಿದ ಗಾಜು ಇದು. ಕುಡಿದದ್ದನ್ನ ಕಕ್ಕಿಸೋದೇ ನನ್ನ ಯಂತ್ರದ ಕೆಲಸ."

ಬೇರೆ ಸಮಯದಲ್ಲಾಗಿದ್ದರೆ ವೀರಭದ್ರಯ್ಯ ಭಾವಮೈದನನ್ನು ಇಡ್ಲಿ ಪಾತ್ರೆಯ ಸಮೇತ ಬಸ್ಸು ಹತ್ತಿಸುತ್ತಿದ್ದರು. ಆದರೆ ಈಗ ಅವರಿಗೆ ಬೇರೆ ದಾರಿ ಇರಲಿಲ್ಲ.

‘ಧ್ರುವನೌಕೆ’ ಎಂಬ ವೈಜ್ಞಾನಿಕ ಧಾರಾವಾಹಿ ಆಂಟೆನಾ ಕಾಲದಲ್ಲಿ ಶುರುವಾಗಿ, ಕೇಬಲ್ಲಿಗೆ ಜಿಗಿದು, ಈಗ ಮೂವತ್ತೈದನೇ ವರ್ಷಕ್ಕೆ ಕಾಲಿಟ್ಟಿದೆ. ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುವ ಆ ನೌಕೆಯ ನಾಯಕರು ತಹಸೀಲ್ದಾರರ ಹಾಗೆ ವರ್ಗವಾಗಿ ಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು. 1992ರಲ್ಲಿ, ಅಂದರೆ ನಾಲ್ಕನೇ ವರ್ಷದಲ್ಲಿ, ನಾಯಕ ಅಗಸ್ತ್ಯನಾಗಿದ್ದವರು ಇದೇ ವೀರಭದ್ರಯ್ಯ. ವಾರವಿಡೀ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಮುಂಜಾನೆ ಬಸ್ಸು ಹಿಡಿದು ಬೆಂಗಳೂರಿನ ಗೋದಾಮೊಂದಕ್ಕೆ ಹೋಗಿ, ಥರ್ಮೋಕೋಲಿನ ನೌಕೆ ಏರಿ ಬ್ರಹ್ಮಾಂಡ ಕಾಯುತ್ತಿದ್ದರು. ಚಿತ್ರೀಕರಣವೂ ಭಾನುವಾರ, ಪ್ರಸಾರವೂ ಭಾನುವಾರ. ಹೀಗಾಗಿ ತಾವು ನಟಿಸಿದ ಒಂದು ಕಂತನ್ನೂ ಅವರು ನೋಡಿರಲಿಲ್ಲ. ಆಮೇಲಾದರೂ ನೋಡೋಣವೆಂದರೆ, ನಿರ್ಮಾಪಕ ಪುಣ್ಯಾತ್ಮ ಟೇಪು ದುಬಾರಿಯೆಂದು ಆ ವರ್ಷದ ಟೇಪುಗಳ ಮೇಲೆಯೇ ಮದುವೆಗಳನ್ನು ರೆಕಾರ್ಡು ಮಾಡಿಬಿಟ್ಟಿದ್ದ. ಅಗಸ್ತ್ಯ ಶನಿಯ ಉಂಗುರ ದಾಟಬೇಕಾದ ಕಡೆ ಈಗ ಯಾರೋ ಯಾರಿಗೋ ಉಂಗುರ ತೊಡಿಸುತ್ತಿದ್ದಾರೆ.

ಮೊನ್ನೆ ವಾಹಿನಿಯಿಂದ ನಿಶ್ಚಲಾ ಎಂಬ ಹುಡುಗಿ ಫೋನು ಮಾಡಿದ್ದಳು. "ಸಾರ್, ಮೂವತ್ತೈದು ವರ್ಷದ ವಿಶೇಷ ಕಾರ್ಯಕ್ರಮ ಮಾಡ್ತಿದೀವಿ. ಎಲ್ಲಾ ವರ್ಷದ್ದೂ ತುಣುಕು ಇದೆ, ನಿಮ್ಮದು ಮಾತ್ರ ಇಲ್ಲ. ಒಂದು ನಿಮಿಷದ್ದು ಸಿಕ್ಕಿದ್ರೂ ಹಾಕ್ತೀವಿ. ಇಲ್ಲಾಂದ್ರೆ ಮೂರರಿಂದ ಸೀದಾ ಐದಕ್ಕೆ ಹೋಗ್ತೀವಿ."

ಮೂರರಿಂದ ಐದಕ್ಕೆ! ವೀರಭದ್ರಯ್ಯನವರಿಗೆ ಅಂದಿನಿಂದ ಮುದ್ದೆ ಇಳಿಯುತ್ತಿರಲಿಲ್ಲ.

ಮಹಲಿಂಗಪ್ಪ ಗುಂಡಿ ಒತ್ತಿದ. ಇಡ್ಲಿ ಪಾತ್ರೆ ಗೊರಕೆ ಹೊಡೆಯಿತು. ಟೀವಿಯ ಗಾಜು ಮಂಕಾಗಿ ಬೆಳಗಿತು. ನೋಡನೋಡುತ್ತಿದ್ದಂತೆ ಕತ್ತಲೆಯೊಳಗಿಂದ ಸುಳಿಸುಳಿ ಗೆರೆಗಳ ಒಂದು ದೈತ್ಯಾಕಾರ ಮೂಡಿ, ಬಿಳಿ ಧೂಳು ಉದುರಿಸುತ್ತ, ಇಡೀ ಪರದೆಯನ್ನು ನುಂಗುವಂತೆ ಮುಂದೆ ಬಂತು.

"ಗ್ರಹಭಕ್ಷಕ!" ಎಂದು ವೀರಭದ್ರಯ್ಯ ಕೂಗಿಬಿಟ್ಟರು. "ಇದು ಗ್ರಹಭಕ್ಷಕನ ಕಂತು ಕಣೋ ಮಾಲಿಂಗ! ಆವತ್ತು ನಮ್ಮ ಮುಂದೆ ಒಬ್ಬ ತೆಂಗಿನ ಪೊರಕೆ ಹಿಡ್ಕೊಂಡು ನಿಂತಿದ್ದ. ‘ಇದನ್ನೇ ನೋಡಿ ಹೆದರ್ಕೊಳ್ಳಿ, ಭೂತ ಆಮೇಲೆ ಸೇರಿಸ್ತೀವಿ’ ಅಂದಿದ್ರು. ಆಹಾ, ಎಂಥಾ ಭೂತ ಸೇರಿಸಿದಾರೆ ನೋಡು!"

ಅದನ್ನು ಮೊಬೈಲಿನಲ್ಲಿ ಸೆರೆಹಿಡಿದು ನಿಶ್ಚಲಾಗೆ ಕಳಿಸಿಯೂ ಬಿಟ್ಟರು. ಆ ಕಡೆಯಿಂದ ಕೂಡಲೇ ಉತ್ತರ ಬಂತು: "ಸಾರ್, ಸೂಪರ್! ಮೈ ಜುಂ ಅಂತು!"

ಅಷ್ಟರಲ್ಲಿ ಪರದೆಯ ದೈತ್ಯ ಹಿಂದೆ ಸರಿಯಿತು. ಅದರ ಹಿಂದೆ ಒಂದು ಕೈ, ಕೈಯ ಹಿಂದೆ ಬಳೆ, ಬಳೆಯ ಹಿಂದೆ ವಿಭೂತಿ ತಟ್ಟೆ ಹಿಡಿದ ಒಬ್ಬ ವೃದ್ಧೆ.

ಗಂಗಾಂಬಿಕೆ ತಲೆ ಎತ್ತಿ ನೋಡಿದರು. "ಅದು ಅತ್ತೆಯ ಹೆಬ್ಬೆಟ್ಟು. ಆಯುಧಪೂಜೆ ದಿನ ಟೀವಿಗೆ ವಿಭೂತಿ ಹಚ್ತಿದಾರೆ."



ವೀರಭದ್ರಯ್ಯ ವಾಹಿನಿಗೆ ಫೋನು ಮಾಡಿ, ತೊದಲುತ್ತ ವಿಷಯ ಹೇಳಿದರು. ನಿಶ್ಚಲಾ ವಿಚಲಿತಳಾಗಲಿಲ್ಲ. "ಪ್ರೋಮೋಗೆ ಹೋಗ್ಬಿಟ್ಟಿದೆ ಸಾರ್. ನಿಮ್ಮ ತಾಯಿಯವರಾದ್ರೆ ಇನ್ನೂ ಒಳ್ಳೇದು. ನಿಮ್ಮ ಮುಖ ಇರೋದು ಸಿಕ್ಕಿದ್ರೆ ಸಂಜೆಯೊಳಗೆ ಕಳಿಸಿ, ಬದಲಾಯಿಸ್ತೀನಿ."

"ತಪ್ಪು ನನ್ನದಲ್ಲ, ಗಾಜಿಂದು," ಎಂದ ಮಹಲಿಂಗಪ್ಪ. "ತೋರಿಸಿದ್ದು ಅದಕ್ಕೆ ನೆನಪಿಲ್ಲ ಭಾವ. ನೋಡಿದ್ದು ನೆನಪಿದೆ. ಎದುರಿಗೆ ಕೂತೋರು, ನಿಂತೋರು, ಅಷ್ಟೇ."

"ಹಾಗಾದ್ರೆ ನಾನೆಲ್ಲಿ ಸಿಗ್ತೀನೋ? ನಾನಿದ್ದದ್ದು ಗಾಜಿನ ಒಳಗೆ!"

ಮಹಲಿಂಗಪ್ಪ ಗಲ್ಲ ಕೆರೆದುಕೊಂಡ. ಅವನ ಕಣ್ಣು ಎದುರು ಗೋಡೆಯ ಮೇಲಿದ್ದ ಹಿರಿಯರ ಫೋಟೊದ ಮೇಲೆ ನಿಂತಿತು. "ಸಿಕ್ಕಿತು! ಆ ಫೋಟೊ ಆಗ್ಲೂ ಅಲ್ಲೇ ಇತ್ತು ತಾನೆ? ಅದರ ಗಾಜಿನಲ್ಲಿ ಟೀವಿಯ ಪ್ರತಿಬಿಂಬ ಬಿದ್ದಿರಲೇಬೇಕು. ಅದನ್ನ ಹಿಗ್ಗಿಸಿದ್ರೆ ನೀವೇ! ಸ್ವಲ್ಪ ಕರೆಂಟು ಜಾಸ್ತಿ ಬೇಕು ಅಷ್ಟೆ."

ಅವನು ಬ್ಯಾಟರಿ ಕಿತ್ತೆಸೆದು ಫ್ರಿಜ್ಜಿನ ಸ್ಟೆಬಿಲೈಸರಿಗೆ ವೈರು ಸಿಕ್ಕಿಸಿದ. ಕೊಡೆಯ ಕಡ್ಡಿಗಳು ನವಿಲಿನಂತೆ ಬಿಚ್ಚಿಕೊಂಡವು. ಫ್ಯಾನು ಹಿಂದುಮುಂದಾಗಿ ತಿರುಗಿತು. ಎದುರು ಮನೆಯಿಂದ ಪುಟ್ಟಲಿಂಗಮ್ಮನ ಕಿರುಚು ಕೇಳಿತು. ಮರುಗಳಿಗೆಗೆ ಆಕೆಯೇ ಬಾಗಿಲಲ್ಲಿ ನಿಂತಿದ್ದರು.

"ಏನ್ ಮೇಷ್ಟ್ರೇ ಇದು? ನಮ್ಮ ಟೀವೀಲಿ ನಿಮ್ಮವ್ವಾರು ಬತ್ತಿ ಹೊಸೀತಾ ಕುಂತವ್ರೆ! ಸತ್ತು ಎಷ್ಟ್ ವರ್ಷ ಆಯ್ತು! ಬೀದೀಲಿ ಎಲ್ಲಾರ ಮನೇಲೂ ಅವ್ರೇ ಬತ್ತಾವ್ರೆ!"

"ಹೆದರ್ಬೇಡಿ, ಇದು ಪ್ರಸರಣ ಪರಿಣಾಮ," ಎಂದ ಮಹಲಿಂಗಪ್ಪ ಹೆಮ್ಮೆಯಿಂದ.

"ಪರಿಣಾಮ ನಿಮ್ಮನೇಲಿ ಇಟ್ಕಳಿ! ನನ್ನ ಸೊಸೆ ಅಡಿಗೆಮನೆ ಬಿಟ್ಟು ಈಚೆಗೆ ಬತ್ತಿಲ್ಲ!"

ಅಷ್ಟರಲ್ಲಿ ಪರದೆಯ ಮೇಲೆ ಚಿತ್ರ ಬದಲಾಯಿತು. ಇದೇ ಹಜಾರ, ಬೆಳಗಿನ ಹೊತ್ತು, ಚಾಪೆಯ ತುಂಬ ಜನ. ಗಾಜು ಸಣ್ಣಗೆ ಅದುರಿ ಸದ್ದನ್ನೂ ಬಿಡತೊಡಗಿತು. ಅದು ‘ಧ್ರುವನೌಕೆ’ಯ ಶೀರ್ಷಿಕೆ ಸಂಗೀತ. ಅದು ತೊಂಬತ್ತೆರಡರ ಒಂದು ಭಾನುವಾರ!

"ಅಯ್ಯೋ ನಾನು!" ಎಂದರು ಪುಟ್ಟಲಿಂಗಮ್ಮ ಕೆನ್ನೆಗೆ ಕೈಯಿಟ್ಟು. "ಎಷ್ಟು ಸಣ್ಣಕ್ಕಿದ್ದೆ!" ಜಗಳವನ್ನು ಅಲ್ಲಿಗೇ ಬಿಟ್ಟು ಚಾಪೆ ಎಳೆದುಕೊಂಡು ಕೂತರು.

ಮುಂದಿನ ಸಾಲಿನಲ್ಲಿ ವೀರಭದ್ರಯ್ಯನವರ ತಾಯಿ, ಸುತ್ತ ನೆರೆಹೊರೆ. ಅಷ್ಟು ಮುಖಗಳಲ್ಲಿ ವೀರಭದ್ರಯ್ಯ ಒಂದೇ ಮುಖ ಹುಡುಕಿದರು. ಅದು ಇರಲಿಲ್ಲ.

ಇರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆ ವರ್ಷ ಪ್ರತಿ ಭಾನುವಾರ ಸಂಜೆ, ಕಿವಿಯ ಹಿಂದೆ ಬೆಳ್ಳಿ ಬಣ್ಣ ಹಾಗೇ ಇರುವಾಗಲೇ ಮನೆಗೆ ಬಂದು, "ನೋಡ್ದ್ಯಾ?" ಎಂದು ಕೇಳುತ್ತಿದ್ದರು. "ಇಲ್ಲ," ಎನ್ನುತ್ತಿದ್ದರು ಗಂಗಾಂಬಿಕೆ. ಪ್ರತಿ ವಾರವೂ ಅದೇ ಉತ್ತರ. ಐದನೇ ವರ್ಷದ ಕರಾರು ಹಿಡಿದು ನಿರ್ಮಾಪಕ ಮನೆಗೆ ಬಂದಾಗ, ಕಟ್ಟಿಕೊಂಡವಳೇ ನೋಡದ ಪಾತ್ರವನ್ನು ಊರು ನೋಡಿದರೆಷ್ಟು ಬಿಟ್ಟರೆಷ್ಟು ಎಂಬ ಸಿಟ್ಟಿನಲ್ಲಿ ಅವರು ಸಹಿ ಹಾಕಲಿಲ್ಲ. ಅವರ ಜಾಗಕ್ಕೆ ಬಂದವನು ಹನ್ನೊಂದು ವರ್ಷ ನೌಕೆ ನಡೆಸಿದ. ಈಗ ಅವನು ಎಲ್ಲಿ ಹೋದರೂ ಶಾಲು, ಹಾರ.

"ನೋಡು," ಎಂದರು ವೀರಭದ್ರಯ್ಯ ಪರದೆಯತ್ತ ಬೆರಳು ಮಾಡಿ. ದನಿ ಕಹಿಯಾಗಿತ್ತು. "ಇಡೀ ಬೀದಿ ಕೂತಿದೆ. ನೀನೆಲ್ಲಿ?"

ಪರದೆಯಲ್ಲಿ ತಾಯಿ ತಟ್ಟನೆ ಸೂರಿನತ್ತ ಮುಖವೆತ್ತಿ ಕೂಗಿದರು:

"ಗಂಗಾ! ಹೋಯ್ತು ಕಣೇ! ಕೆರೆ ಕಡೆಗೆ ತಿರುಗ್ಸು!"

ಮೇಲಿನಿಂದ ಒಂದು ಎಳೆಯ ದನಿ ಬಂತು. "ಈಗ?"

"ಇನ್ನೂ! ಇನ್ನೂ! ಹಾಂ, ಬಂತು! ಬಿಡ್ಬೇಡ, ಹಂಗೇ ಹಿಡ್ಕೋ!"

"ಹಿಡ್ಕೊಂಡೇ ಇದೀನಿ ಅತ್ತೆ! ಅವ್ರು ಬಂದ್ರಾ?"

"ಬಂದ! ಮಾತಾಡ್ಸಬೇಡ, ಕೈ ಅಲ್ಲಾಡುತ್ತೆ!"

ವೀರಭದ್ರಯ್ಯ ಚಾಪೆಯ ಅಂಚಿನಲ್ಲಿ ಕುಸಿದು ಕೂತರು. ಆ ಕಂತು ಮುಗಿಯುವವರೆಗೂ ಪರದೆಯಲ್ಲಿ ಕಾಣುತ್ತಿದ್ದ ಫೋಟೊದ ಗಾಜಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆಯೊಂದು ಅಲ್ಲಾಡುತ್ತಿತ್ತು. ಮಹಲಿಂಗಪ್ಪ ಎಷ್ಟು ಹಿಗ್ಗಿಸಿದರೂ ಅದು ಅವರೆಕಾಳಿನಷ್ಟಾಯಿತೇ ಹೊರತು ಅಗಸ್ತ್ಯನಾಗಲಿಲ್ಲ. ಕಡೆಯ ಸಂಗೀತ ಮುಗಿದು ಜನ ಏಳುವಾಗ, ಸೆರಗು ಸೊಂಟಕ್ಕೆ ಸಿಕ್ಕಿಸಿದ, ಬಿಸಿಲಿಗೆ ಮುಖ ಕೆಂಪಾದ ಹೆಂಗಸೊಬ್ಬಳು ಓಡಿಬಂದು ಟೀವಿಯತ್ತ ನೋಡಿದಳು. ಟೀವಿಯಲ್ಲಿ ಸೋಪಿನ ಪುಡಿಯ ಜಾಹೀರಾತು ಹಾಡುತ್ತಿತ್ತು.

"ಏನಾಯ್ತು ಅತ್ತೆ ಇವತ್ತು?"

"ಏನೋ ಹಾರ್ತು, ಏನೋ ಉರುಳ್ತು. ಚೆನ್ನಾಗಿತ್ತು. ಹೋಗಿ ಸಾರಿಗೆ ಒಗ್ಗರಣೆ ಹಾಕು."

ಚಿತ್ರ ಮಸುಕಾಯಿತು. ಮಹಲಿಂಗಪ್ಪ ಕೆಮ್ಮಿದ. "ಆ ಆಂಟೆನಾ... ಅದು ನನ್ನ ಮೊದಲ ಆವಿಷ್ಕಾರ. ಗಾಳಿ ಬಂದ ಕಡೆಗೆ ತಾನೇ ತಿರುಗೋ ಆಂಟೆನಾ. ಗಾಳಿ ಬರೋ ಕಡೆಯಿಂದ ಚಿತ್ರ ಬರಲ್ಲ ಅಂತ ಆಗ ಗೊತ್ತಿರ್ಲಿಲ್ಲ ಅಕ್ಕ."

"ಗೊತ್ತಾದ ಮೇಲಾದ್ರೂ ಒಂದು ಮೊಳೆ ಹೊಡೀಬಹುದಿತ್ತು," ಎಂದರು ಗಂಗಾಂಬಿಕೆ.

"ಗಂಗಾ," ಎಂದರು ವೀರಭದ್ರಯ್ಯ. "ನನಗ್ಯಾಕೆ ಹೇಳ್ಲಿಲ್ಲ?"

"ನೋಡ್ದ್ಯಾ ಅಂತ ಕೇಳಿದ್ರಿ. ನೋಡಿರ್ಲಿಲ್ಲ. ಇಲ್ಲ ಅಂದೆ. ಯಾಕೆ ಅಂತ ನೀವು ಕೇಳ್ಲಿಲ್ಲ. ಇಷ್ಟು ಜನ ಕೂತಿರ್ತಿದ್ರು, ಯಾರಾದ್ರೂ ಹೇಳಿರ್ತಾರೆ ಅಂದ್ಕೊಂಡೆ."

"ನಾವೂ ಮೇಷ್ಟ್ರಿಗೆ ಗೊತ್ತೈತೆ ಅಂದ್ಕಂಡಿದ್ವಿ," ಎಂದರು ಪುಟ್ಟಲಿಂಗಮ್ಮ ಮೆಲ್ಲಗೆ.

"ನಾನು ಬಿಟ್ಟುಬಿಡ್ತೀನಿ ಅಂದಾಗಲೂ ನೀನು ಮಾತಾಡ್ಲಿಲ್ಲ."

"ಸದ್ಯ, ತಾರಸಿ ಹತ್ತೋದು ತಪ್ತು ಅಂದ್ಕೊಂಡೆ." ಗಂಗಾಂಬಿಕೆ ಒಂದು ಸಿಪ್ಪೆಯನ್ನು ಬೆರಳುಗಳ ನಡುವೆ ಮಡಚಿದರು. "ಆಮೇಲೆ ಅನ್ನಿಸ್ತು, ಇನ್ನೊಂದು ವರ್ಷ ಹಿಡ್ಕೋಬಹುದಿತ್ತು ಅಂತ."

ವೀರಭದ್ರಯ್ಯ ಟೀವಿಯತ್ತ ತಿರುಗಿದರು. "ಮಾಲಿಂಗ, ಅದನ್ನೇ ಇನ್ನೊಂದು ಸಲ ಹಾಕೋ. ಅವಳು ಓಡಿ ಬರ್ತಾಳಲ್ಲ, ಅಷ್ಟು ಮಾತ್ರ."

"ಆಗಲ್ಲ ಭಾವ. ಕಕ್ಕಿದ್ದು ಕಕ್ಕಿದ್ದೇ. ಗಾಜು ಒಂದನ್ನ ಎರಡು ಸಲ ಕೊಡಲ್ಲ."

ಅವರು ಒಪ್ಪಲಿಲ್ಲ. ಗದರಿದರು, ಬೇಡಿದರು. ಮಹಲಿಂಗಪ್ಪ ಇದ್ದಬದ್ದ ತಿರುಪನ್ನೆಲ್ಲ ತಿರುವಿದ. ಮದುವೆ, ನಾಮಕರಣ, ಜ್ವರದ ಮಗು, ಕ್ರಿಕೆಟ್ಟು, ಕಡಲೆಕಾಯಿ ಸಿಪ್ಪೆ, ಎಲ್ಲವೂ ಪರದೆಯ ಮೇಲೆ ರೈಲಿನ ಡಬ್ಬಿಗಳಂತೆ ಓಡಿಹೋದವು. ಮಿಕ್ಕ ಭಾನುವಾರಗಳೂ ಯಾವುದು ಯಾವುದೆಂದು ತಿಳಿಯುವ ಮೊದಲೇ ಹೊರಟುಹೋದವು. ಕೊನೆಗೆ ಟೀವಿಯಲ್ಲಿ ಉಳಿದದ್ದು ಕನ್ನಡಕ ಹಾಕಿದ ಒಬ್ಬ ಮುದುಕ, ಮೊರ ಹಿಡಿದ ಅವನ ಹೆಂಡತಿ, ಬಾಯಿ ಬಿಟ್ಟ ಎದುರು ಮನೆಯಾಕೆ, ಬೆವೆತ ಭಾವಮೈದ.

"ಇದು ಯಾವಾಗಿಂದು?" ಎಂದರು ವೀರಭದ್ರಯ್ಯ. ಟೀವಿಯ ಮುದುಕನೂ ಅದನ್ನೇ ಕೇಳಿದ.

"ಈಗಿಂದು. ನೆನಪು ಖಾಲಿ ಆಯ್ತು ಭಾವ. ಇನ್ನು ಎದುರಿಗಿರೋದನ್ನ ಮಾತ್ರ ತೋರಿಸುತ್ತೆ."

"ಅದಕ್ಕೆ ಕನ್ನಡಿ ಅಂತಾರೆ," ಎಂದರು ಗಂಗಾಂಬಿಕೆ. "ಇಡ್ಲಿ ಪಾತ್ರೆ ಹಾಳು ಮಾಡ್ದೇನೂ ಮಾಡ್ಬಹುದು."

ಆದರೆ ಅದು ಕನ್ನಡಿಯಷ್ಟೇ ಆಗಿರಲಿಲ್ಲ. ಎದುರು ಮನೆಯಿಂದ ಪುಟ್ಟಲಿಂಗಮ್ಮನ ಸೊಸೆ ಕೂಗಿದಳು: "ಅತ್ತೇ, ನೀವು ಟೀವೀಲಿ ಬತ್ತಿದೀರ! ಸೆರಗು ಸರಿ ಮಾಡ್ಕಳಿ!" ಬೀದಿಯ ಅಷ್ಟೂ ಟೀವಿಗಳಲ್ಲಿ ಈಗ ವೀರಭದ್ರಯ್ಯನವರ ಹಜಾರ ನೇರ ಪ್ರಸಾರವಾಗುತ್ತಿತ್ತು. ಮಹಲಿಂಗಪ್ಪ ಗುಂಡಿ ಆರಿಸಿದ. ಆರಲಿಲ್ಲ. ವೈರು ಕಿತ್ತ. ಆಗಲೂ ಆರಲಿಲ್ಲ!

ವೀರಭದ್ರಯ್ಯ ಎದ್ದರು. ಅಂಗಿ ಕೊಡವಿಕೊಂಡು ಟೀವಿಯ ಮುಂದೆ ನೆಟ್ಟಗೆ ನಿಂತರು.

"ಗಂಗಾ, ನೀನು ಪುಟ್ಟಲಿಂಗಮ್ಮನವರ ಮನೆಗೆ ಹೋಗಿ ಕೂತ್ಕೋ."

"ಯಾಕ್ರೀ?"

"ಇಲ್ಲಿ ನನ್ನ ಬೆನ್ನು ಅಡ್ಡ ಬರುತ್ತೆ. ಅಲ್ಲಿ ಟೀವಿ ದೊಡ್ಡದಿದೆ."

ಗಂಗಾಂಬಿಕೆ ಗಂಡನನ್ನು ಒಂದು ಗಳಿಗೆ ನೋಡಿದರು. ಮೊರವನ್ನು ತಮ್ಮನ ಕೈಗೆ ಕೊಟ್ಟು, ಪುಟ್ಟಲಿಂಗಮ್ಮನ ಜೊತೆ ಬೀದಿ ದಾಟಿದರು.

"ಕಾಲಗರ್ಭದ ಕತ್ತಲೆಯೇ, ಕೇಳು!" ಎಂದು ವೀರಭದ್ರಯ್ಯ ಎಡಗೈ ಚಾಚಿದರು. ದನಿ ಒಡೆಯಿತು, ಮಂಡಿ ಕಟಕಟ ಎಂದಿತು. "ಈ ನೌಕೆಗೆ ದಿಕ್ಕು ತಪ್ಪಿರಬಹುದು. ಆದರೆ ಇದರ... ಇದರ..."

ಮುಂದಿನ ಮಾತು ಮರೆತುಹೋಗಿತ್ತು. ಟೀವಿಯ ಮುದುಕ ಬಾಯಿ ತೆರೆದುಕೊಂಡು ಅವರನ್ನೇ ನೋಡುತ್ತಿದ್ದ.

"ಇದರ ದೀಪ ಆರಿಲ್ಲ!" ಎದುರು ಮನೆಯ ಕಿಟಕಿಯಿಂದ ಗಂಗಾಂಬಿಕೆಯ ದನಿ ಬಂತು. "ವಾರಪೂರ್ತಿ ನನ್ನ ಒಲೆ ಮುಂದೆ ನಿಂತು ಬಾಯಿಪಾಠ ಮಾಡ್ತಿದ್ರಲ್ಲ, ಹೇಳಿ ಮುಂದೆ!"

ವೀರಭದ್ರಯ್ಯ ಹೇಳಿದರು. ಮರೆತಾಗಲೆಲ್ಲ ಕಿಟಕಿ ನೆನಪಿಸಿತು. ಗ್ರಹಭಕ್ಷಕನಾಗಿ ಮಹಲಿಂಗಪ್ಪ ಮೊರದ ಸಮೇತ ಬಿದ್ದು ಸತ್ತ. ಅವರೆಕಾಳು ನಕ್ಷತ್ರಗಳಂತೆ ಹಜಾರವೆಲ್ಲ ಚೆಲ್ಲಿತು. ಎದುರು ಮನೆಯಲ್ಲಿ ಗಂಗಾಂಬಿಕೆ ಕಣ್ಣು ಮಿಟುಕಿಸದೆ ನೋಡಿದರು. ಅಗಸ್ತ್ಯ ಕೈಮುಗಿದದ್ದೇ ತಡ, ಇಡ್ಲಿ ಪಾತ್ರೆಯ ಮುಚ್ಚಳ ಸೂರಿಗೆ ಹಾರಿ ಎಲ್ಲ ಟೀವಿಗಳೂ ಕಪ್ಪಾದವು.

ಸಂಜೆ ನಿಶ್ಚಲಾಳ ಫೋನು ಬಂತು. ಮುಖ ಇರುವ ತುಣುಕು ಏನಾದರೂ ಸಿಕ್ಕಿತೇ ಎಂದು ಕೇಳಿದಳು. ವೀರಭದ್ರಯ್ಯ ಬೀದಿಯಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದರು. ಕಂತನ್ನು ಎಲ್ಲರೂ ನೋಡಿದ್ದರು, ಎಲ್ಲರೂ ಚೆನ್ನಾಗಿತ್ತು ಎಂದರು. ಪ್ರತಿ ಮನೆಯಲ್ಲೂ ಎರಡೆರಡು ಮೊಬೈಲು ಇದ್ದವು. ರೆಕಾರ್ಡು ಮಾಡಿಕೊಳ್ಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.