ಗೋಡೆ ಹಿಡಿದ ನಮ್ಮ ಮಾವ

ಕೆಜಿಎಫ್ ಇವತ್ತಿಗೂ ನೆಟ್ಟಗೆ ನಿಂತಿದ್ದರೆ ಅದು ನಮ್ಮ ಮಾವನ ಕೃಪೆ! ನಾನು ಹೇಳುತ್ತಿಲ್ಲ, ಸ್ವತಃ ಅವರೇ ಹೇಳುತ್ತಿದ್ದರು.

ಐವತ್ತರ ದಶಕ. ನಾನು ಬಂಗಾರಪೇಟೆಯಿಂದ ಕೆಜಿಎಫ್‌ನ ಆಂಡರ್ಸನ್‌ಪೇಟೆಗೆ ಸೊಸೆಯಾಗಿ ಬಂದ ಹೊಸತು. ಗಣಿಯ ಆಳದಲ್ಲಿ ಬಂಡೆ ಸಿಡಿದಾಗಲೆಲ್ಲ ಮೇಲೆ ಮನೆಗಳು ನಡುಗುವುದು ಇಲ್ಲಿ ಮಾಮೂಲು. ನನಗೇನು ಗೊತ್ತು? ಪಾತ್ರೆಗಳು ಗಡಗಡ ಎಂದದ್ದೇ ಬೀದಿಗೆ ಓಡಿದೆ. ತಿರುಗಿ ನೋಡಿದರೆ ಮಾವ ನಡುಮನೆಯ ಗೋಡೆಗೆ ಎರಡೂ ಅಂಗೈ ಒತ್ತಿ ನಿಂತಿದ್ದಾರೆ!

“ಬಾರಮ್ಮ ಒಳಕ್ಕೆ. ನಾನು ಇಡ್ಕಂಡಿದ್ದೀನಲ್ಲ!”

ಗಣಿಯೊಳಗೆ ಬಂಡೆಗೆ ಮರದ ಆಸರೆ ಕೊಡುವ ಕೆಲಸ ಮಾಡಿ ನಿವೃತ್ತರಾದವರು. ಈಗ ಮನೆಗೆ ತಾವೇ ಆಸರೆ. ಪಕ್ಕದ ಮನೆಯ ಗೋಡೆ ಬಿರುಕು ಬಿಟ್ಟಾಗ, “ಒಂದು ಮಾತು ಕರ್ದಿದ್ರೆ ಓಗ್ತಿದ್ದೆ” ಎಂದು ನಿಜವಾಗಿಯೂ ನೊಂದುಕೊಂಡರು.

ನನ್ನ ತವರಿಗೆ ಬಂದಾಗಲೂ ಅಷ್ಟೇ. ಮನೆ ರೈಲು ಹಳಿಯ ಪಕ್ಕ. ಊಟದ ನಡುವೆ ಗೂಡ್ಸ್ ಗಾಡಿ ಹೋಗಿ ನೆಲ ಅದುರಿತು. ಮಾವ ಎಡಗೈಯನ್ನು ಗೋಡೆಗೊತ್ತಿ, ಬಲಗೈಯಲ್ಲಿ ಮುದ್ದೆ ಮುರಿಯುತ್ತಲೇ ಇದ್ದರು.

“ಬೀಗರೇ, ಅದು ರೈಲು!” ಎಂದರು ನಮ್ಮಮ್ಮ.

“ರೈಲಾದ್ರೇನು ತಾಯಿ? ಗೋಡೆಗೆ ಅದೆಲ್ಲ ಗೊತ್ತಾಯ್ತದಾ?”

ಇದು ಆತ್ಮವಿಶ್ವಾಸವೋ, ಜಂಬವೋ? ಕೈಲಾಗುವುದನ್ನು ನಂಬುವುದು ಆತ್ಮವಿಶ್ವಾಸ, ಆಗದ್ದನ್ನೂ ಆಗುತ್ತದೆ ಎನ್ನುವುದು ಜಂಬ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಹಾಗಾದರೆ ಇದು ಜಂಬವೇ. ಆದರೆ ಮನೆ ಬಿದ್ದೇ ಇಲ್ಲವಲ್ಲ! ತಲೆ ಕಲಸುಮೇಲೋಗರವಾಗಿ ಅತ್ತೆಯನ್ನು ಕೇಳಿದೆ.

“ಯಾವ್ದೋ ಒಂದು. ಇಡ್ಕಂಡಷ್ಟೊತ್ತು ಸುಮ್ಕಿರ್ತಾರಲ್ಲ, ಸಾಕು” ಎಂದರು.

ಒಂದು ಮಧ್ಯಾಹ್ನ, ಅತ್ತೆ ಊರಲ್ಲಿಲ್ಲದಾಗ, ಹಿಂದೆಂದೂ ಕಾಣದಷ್ಟು ಜೋರಾಗಿ ನಡುಗಿತು. ನನ್ನ ಗಂಡ ಗಣಿಯೊಳಗಿದ್ದರು. ಬೀದಿಯವರೆಲ್ಲ ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡಿದರು. ನಾನು ತುಂಬು ಬಸುರಿ, ಓಡುವಂತಿರಲಿಲ್ಲ.

“ಬಾರಮ್ಮ, ನೀನು ಇಡ್ಕ. ನಾನು ಓಗಿ ಅವನ್ನ ಕರ್ಕಂಬತ್ತೀನಿ” ಎಂದರು ಮಾವ.

“ನನ್ ಕೈಲಾಗಲ್ಲ ಮಾವ.”

“ಆಯ್ತದೆ ಕಣಮ್ಮ. ನಾನೇನು ನಿನಗಿಂತ ಗಟ್ಟೀನಾ? ನಂಗೂ ಪ್ರತಿ ಸಲ ಭಯಾನೇ. ಇಡ್ಕಂಡ್ರೆ ವಸಿ ಕಮ್ಮಿಯಾಯ್ತದೆ.”

ಮೆಟ್ಟು ಹಾಕಿಕೊಳ್ಳುವುದನ್ನೂ ಮರೆತು ಓಡಿದರು. ನಾನು ಗೋಡೆಗೆ ಅಂಗೈ ಒತ್ತಿ ನಿಂತೆ.

ಸಂಜೆ ಅಪ್ಪ ಮಗ ಇಬ್ಬರೂ ಬಂದರು. ಮಗನ ಮೈಯೆಲ್ಲ ಧೂಳು, ಅಪ್ಪನ ಪಾದದಲ್ಲಿ ರಕ್ತ.

“ಬುಡಮ್ಮ, ಸಾಕು. ನಿಂತದೆ ನೋಡು ಮನೆ” ಎಂದರು ಮಾವ.

ಬಿಡಲು ಕೈ ಬರಲಿಲ್ಲ. ಅದೇ ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟೆ.