ಬಿಳಿ ಗೆರೆ ದಾಟಿದ ಕಾರು

“ಈ ನೋಟಿಸನ್ನ ಕಳಿಸಿದವರ ಕೈಯಲ್ಲೇ ಹರಿದುಹಾಕಿಸದಿದ್ರೆ ನಾನು ಇನ್ನು ಸ್ಟೀರಿಂಗ್ ಮುಟ್ಟೋದಿಲ್ಲ” ಎಂದು ಡ್ರೈವಿಂಗ್ ಮೇಷ್ಟ್ರು ಶಪಥ ಮಾಡಿದ್ದು ಒಂಟಿಕಾಲಿನಲ್ಲಿ ನಿಂತು. ಇನ್ನೊಂದು ಕಾಲಿಗೆ ಆಗತಾನೇ ಕಾಲುಚೀಲ ಏರಿಸುತ್ತಿದ್ದರು. ಶಪಥದ ಭರಕ್ಕೆ ತೂಕ ತಪ್ಪಿ ಮಂಚದ ಮೇಲೆ ಕುಕ್ಕರಿಸಿದರು. ಅದನ್ನು ನಾವು ನೋಡಲಿಲ್ಲ ಎಂದೇ ಇಟ್ಟುಕೊಳ್ಳೋಣ.

ನೋಟಿಸಿನಲ್ಲಿ ಇದ್ದದ್ದು ನಾಲ್ಕೇ ಸಾಲು. ಹದಿನಾಲ್ಕನೇ ತಾರೀಕು, ಬೆಳಗ್ಗೆ ಹತ್ತೂಕಾಲು, ಆಸ್ಪತ್ರೆ ಸರ್ಕಲ್ಲಿನ ಸಿಗ್ನಲ್ಲು. ಕೆಂಪು ದೀಪ ಇರುವಾಗ ಬಿಳಿ ಗೆರೆ ದಾಟಿ ನಿಂತದ್ದು ತಪ್ಪು. ಕಾರಿನ ನಂಬರು ಮೇಷ್ಟ್ರ ಮನೆಯ ಕಾರಿನದೇ.

ಕಳಿಸಿದ್ದು ಯಾರಿಗೆ! ಮೇಷ್ಟ್ರ ಡ್ರೈವಿಂಗ್ ಸ್ಕೂಲಿನ ಬಾಗಿಲ ಮೇಲೆ ಮೊಳದುದ್ದದ ಅಕ್ಷರದಲ್ಲಿ ಬರೆಸಿದ್ದಾರೆ: ‘ಇಪ್ಪತ್ತೆರಡು ವರ್ಷ. ಒಂದೇ ಒಂದು ಕೇಸಿಲ್ಲ.’ ಎದುರು ರಸ್ತೆಯಲ್ಲಿ ಹೊಸ ಸ್ಕೂಲು ಬಂದು, ಅರ್ಧ ಊರೇ ಅಲ್ಲಿಗೆ ಹೋದ ಮೇಲೂ ಮೇಷ್ಟ್ರ ಹತ್ತಿರ ಉಳಿದಿದ್ದ ಆರು ಜನ ಶಿಷ್ಯರು ಉಳಿದದ್ದು ಆ ಬೋರ್ಡನ್ನು ನೋಡಿ. ಬೋರ್ಡು ಇಳಿಯಿತೋ, ಸ್ಕೂಲಿನ ಬಾಗಿಲೂ ಮುಚ್ಚಿದ ಹಾಗೆಯೇ.

“ಸಣ್ಣ ಫೈನು ರೀ, ಕಟ್ಟಿ ಮುಗಿಸಿಬಿಡಿ” ಎಂದಳು ಹೆಂಡತಿ. ಎಂದಿಗಿಂತ ಸ್ವಲ್ಪ ಬೇಗ ಹೇಳಿದಳು. ಮೇಷ್ಟ್ರು ಗಮನಿಸಲಿಲ್ಲ.

“ಕಟ್ಟಿದ್ರೆ ತಪ್ಪು ಒಪ್ಪಿಕೊಂಡ ಹಾಗೆ. ನಿನಗೆ ಇದೆಲ್ಲ ಗೊತ್ತಾಗಲ್ಲ ಬಿಡು. ಕನ್ನಡಿ ನೋಡೋಕೇ ಬಾರದವಳು ನೀನು.”

ಇದು ಹಳೆಯ ಗಾಯ. ಹೆಂಡತಿಗೆ ಕಾರು ಕಲಿಸಲು ಹೋಗಿ, ತಾವೇ ಪರೀಕ್ಷೆ ಇಟ್ಟು, ತಾವೇ ಎರಡು ಸಲ ಫೇಲು ಮಾಡಿದ್ದರು ಮೇಷ್ಟ್ರು. ಎರಡು ಸಲವೂ ಒಂದೇ ಷರಾ: ‘ಹಿಂದೆ ಏನು ಬರುತ್ತಿದೆ ಎಂದು ಕನ್ನಡಿಯಲ್ಲಿ ನೋಡುವುದಿಲ್ಲ.’ ಮೂರನೆಯ ಸಲ ಅವಳು ಕೇಳಲೇ ಇಲ್ಲ. ಬುದ್ಧಿ ಬಂತು ಎಂದುಕೊಂಡಿದ್ದರು.

ಅಂದೇ ಕೋರ್ಟಿಗೆ ತಕರಾರು ಬರೆದರು. ಬರೆದರು ಎಂದರೆ ಸಾಲದು, ಕಡೆದರು. “ಸದರಿ ದಿನ, ಸದರಿ ಸಮಯದಲ್ಲಿ ನಾನು ಸ್ಕೂಲಿನ ಬೇರೆ ಕಾರಿನಲ್ಲಿ ಕೂತು ಪಾಠ ಹೇಳುತ್ತಿದ್ದೆ. ನನ್ನ ಮನೆಯ ಕಾರು ಮನೆಯ ಮುಂದೆ ನಿಂತಿತ್ತು” ಎಂದು ಬರೆದು, ಆ ದಿನ ಹಾಜರಿದ್ದ ಶಿಷ್ಯರ ಸಹಿ ಇರುವ ರಿಜಿಸ್ಟರಿನ ಪುಟವನ್ನೂ ಲಗತ್ತಿಸಿದರು. ಆರೂ ಜನರಿಗೆ ವಿಚಾರಣೆಯ ದಿನ ಬರಲು ಮೇಷ್ಟ್ರ ಅಪ್ಪಣೆಯಾಯಿತು. “ಸತ್ಯ ಹೇಗೆ ಗೆಲ್ಲುತ್ತೆ ಅಂತ ಬಂದು ನೋಡಿ. ಇದೂ ಪಾಠವೇ.”

ವಿಚಾರಣೆಯ ಹಿಂದಿನ ದಿನ ಮೇಷ್ಟ್ರು ಟ್ರಾಫಿಕ್ ಕೋರ್ಟಿನ ದಾಖಲೆ ಕೋಣೆಗೆ ಹೋದರು. ಕ್ಯಾಮೆರಾ ತೆಗೆದ ಫೋಟೊ ಅಲ್ಲಿ ಸಿಗುತ್ತದಂತೆ. ಯಾವನದೋ ಕಳ್ಳನಂಬರಿನ ಕಾರು ಇರಬೇಕು, ಅವನ ಮುಖವನ್ನೂ ನೋಡಿಬಿಡೋಣ ಎಂದು ಆಸೆ. ಒಂದನೇ ಕಿಟಕಿಯವರು ಮೂರಕ್ಕೆ ಕಳಿಸಿದರು, ಮೂರನೆಯವರು ಒಂದಕ್ಕೆ. ಎರಡನೆಯದರಲ್ಲಿ ಯಾರೂ ಇರಲಿಲ್ಲ. ಆದರೆ ಚಹಾದ ಲೋಟದಿಂದ ಹಬೆ ಏಳುತ್ತಿತ್ತು, ಹಾಗಾಗಿ ಮೇಷ್ಟ್ರು ಅಲ್ಲೇ ನಿಂತರು. ಸ್ವಲ್ಪ ಹೊತ್ತಿಗೆ ಲೋಟದ ಒಡೆಯ ಗುಮಾಸ್ತ ಬಂದ.

“ಹೆಸರು ಹೇಳಿ ಹುಡುಕಿದ್ರೆ ಸಂಜೆಯಾಗುತ್ತೆ. ಗಾಡಿ ನಂಬರು, ತಾರೀಕು ಹೇಳಿ.”

“ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲ್ನೇ ಸಲ ಇಲ್ಲಿಗೆ...”

“ಎಲ್ಲರೂ ಹಾಗೇ ಹೇಳ್ತಾರೆ ಸಾರ್. ನಂಬರು ಹೇಳಿ.”

ಕಡತ ಬಂತು. ಒಳಗೆ ಅಂಗೈಯಗಲದ ಮಸುಕು ಫೋಟೊ. ಮೇಷ್ಟ್ರು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕಾರು ತಮ್ಮದೇ. ಸ್ಟೀರಿಂಗ್ ಹಿಡಿದವಳು ತಮ್ಮ ಹೆಂಡತಿ. ಪಕ್ಕದ ಸೀಟಿನಲ್ಲಿ ತಮ್ಮ ಹೆತ್ತ ತಾಯಿ. ಅದೂ ಹೇಗೆ? ಬಾಯಿ ತುಂಬ ನಗುತ್ತಾ! ಮೇಷ್ಟ್ರು ಕಾರು ಓಡಿಸುವಾಗ ಅದೇ ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂರುತ್ತಾಳೆ. ಆ ನಗು ನೋಡಿಯೇ ಮೇಷ್ಟ್ರಿಗೆ ಅರ್ಧ ಜೀವ ಹೋಯಿತು. ಫೋಟೊದಲ್ಲಿ ತಮ್ಮ ಕಾರಿನ ಹಿಂದೆ ಇನ್ನೊಂದು ಕಾರಿನ ಮೂತಿಯೂ ಇತ್ತು. ಅದನ್ನು ನೋಡುವ ತ್ರಾಣ ಯಾರಿಗಿತ್ತು?

“ತಕರಾರು ವಾಪಸ್ ತಗೊಳ್ಬಹುದಾ?” ದನಿ ಕೆಳಗಿಳಿದಿತ್ತು.

“ಅದನ್ನೂ ನಾಳೆ ಮ್ಯಾಜಿಸ್ಟ್ರೇಟ್ ಮೇಡಂ ಮುಂದೇನೇ ಹೇಳ್ಬೇಕು. ಯಾಕೆ ಸಾರ್, ಗುರುತಿನವರಾ?”

ಮನೆಗೆ ಬಂದವರೇ ಅಮ್ಮನನ್ನು ಹಿಡಿದರು. “ಹದಿನಾಲ್ಕನೇ ತಾರೀಕು ಎಲ್ಲಿಗೆ ಹೋಗಿದ್ದೆ?”

“ಕಣ್ಣಿನ ಡಾಕ್ಟರ ಹತ್ರ.”

“ಹೇಗೆ ಹೋದೆ?”

“ಆರಾಮಾಗಿ ಹೋದೆ” ಎಂದಳು ಅಮ್ಮ. ಹೆಂಡತಿ ಒಳಗಿನಿಂದಲೇ, “ನಾಳೆ ಕೋರ್ಟಿಗೆ ನಾವಿಬ್ಬರೂ ಬರ್ತೀವಿ” ಎಂದಳು. ಮೇಷ್ಟ್ರಿಗೆ ಮುಂದೆ ಕೇಳಲು ಧೈರ್ಯ ಬರಲಿಲ್ಲ.

ಹಾಸಿಗೆಯಲ್ಲಿ ಬಿದ್ದುಕೊಂಡು ಲೆಕ್ಕ ಹಾಕಿದರು. ನಿಜ ಹೇಳಿದರೆ ಲೈಸೆನ್ಸಿಲ್ಲದ ಹೆಂಡತಿ ಕಟಕಟೆ ಹತ್ತಬೇಕು. ತಾವೇ ಓಡಿಸಿದ್ದು ಎಂದರೆ ಬೋರ್ಡು ಇಳಿಯುತ್ತದೆ. ಇಪ್ಪತ್ತೆರಡು ವರ್ಷ! ಬೋಳುತಲೆ ಸವರಿಕೊಳ್ಳುತ್ತಾ ಬಹಳ ಹೊತ್ತು ಹೊರಳಾಡಿದರು. ಪಕ್ಕದಲ್ಲಿ ಅವಳು ನೆಮ್ಮದಿಯಾಗಿ ಮಲಗಿದ್ದಳು. ಕೊನೆಗೆ ಪ್ರೀತಿಯೇ ಗೆದ್ದಿತು. ಹೋಗಲಿ ಬೋರ್ಡು, ಇವಳನ್ನು ಮಾತ್ರ ಬಿಟ್ಟುಕೊಡಬಾರದು ಎಂದು ತೀರ್ಮಾನಿಸಿದರು. ತಮ್ಮ ತ್ಯಾಗಕ್ಕೆ ತಮಗೇ ಕಣ್ಣು ತುಂಬಿ ಬಂತು.

ಮರುದಿನ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಆರು ಶಿಷ್ಯರು, ಅವರ ಪಕ್ಕ ಅತ್ತೆ ಸೊಸೆ. ಮ್ಯಾಜಿಸ್ಟ್ರೇಟ್ ಮೇಡಂ ಕನ್ನಡಕ ಏರಿಸಿ ಕಡತ ತೆರೆದರು. ಮೇಷ್ಟ್ರು ಎದೆಯುಬ್ಬಿಸಿ ನಿಂತರು.

“ಕಾರು ಓಡಿಸಿದ್ದು ನಾನೇ ಮೇಡಂ. ತಪ್ಪು ನನ್ನದೇ.”

ಮೇಡಂ ಪುಟ ತಿರುವಿದರು. “ಆ ಹೊತ್ತಿನಲ್ಲಿ ಬೇರೆ ಕಾರಿನಲ್ಲಿದ್ದೆ ಅಂತ ನೀವೇ ಬರೆದಿದ್ದೀರಲ್ಲ? ಆರು ಜನರ ಸಹಿ ಬೇರೆ ಇದೆ.”

“ಅದು... ಅಲ್ಲೂ ಇದ್ದೆ.”

“ಎರಡೂ ಕಾರಿನಲ್ಲಿ?”

“ಒಂದಾದ ಮೇಲೆ ಒಂದು, ಮೇಡಂ.”

“ಒಂದೇ ಹತ್ತೂಕಾಲಿಗೆ?”

ಶಿಷ್ಯರು ನೆಲ ನೋಡತೊಡಗಿದರು. ಅಷ್ಟರಲ್ಲಿ ಹೆಂಡತಿ ಎದ್ದು ನಿಂತಳು. “ಅವರು ಸುಳ್ಳು ಹೇಳ್ತಿದ್ದಾರೆ ಮೇಡಂ. ಓಡಿಸಿದ್ದು ನಾನು.”

“ಕೂತ್ಕೊಳೇ, ನಿನಗೆ ಲೈಸೆನ್ಸ್ ಇಲ್ಲ” ಎಂದು ಮೇಷ್ಟ್ರು ಇಡೀ ಕೋರ್ಟಿಗೆ ಕೇಳುವಂತೆ ಪಿಸುಗುಟ್ಟಿದರು.

ಅವಳು ಪರ್ಸು ತೆಗೆದು ಲೈಸೆನ್ಸನ್ನು ಮೇಜಿನ ಮೇಲಿಟ್ಟಳು. ಎಂಟು ತಿಂಗಳ ಹಿಂದಿನದು. “ಎದುರು ರಸ್ತೆ ಸ್ಕೂಲಿನಲ್ಲಿ ಕಲಿತೆ. ಮೊದಲ್ನೇ ಸಲಕ್ಕೇ ಪಾಸು.”

ಮೇಷ್ಟ್ರಿಗೆ ಆ ಕ್ಷಣದಲ್ಲಿ ಜೈಲೇ ವಾಸಿ ಎನ್ನಿಸಿತು. ಎದುರು ರಸ್ತೆ ಸ್ಕೂಲು!

“ಸರಿ, ಗೆರೆ ಯಾಕೆ ದಾಟಿದ್ರಿ?” ಮೇಡಂ ಕೇಳಿದರು.

“ಗೆರೆ ಹಿಂದೇನೇ ನಿಂತಿದ್ದೆ ಮೇಡಂ. ಕನ್ನಡಿ ನೋಡಿದೆ. ಹಿಂದಿನ ಕಾರು ಬ್ರೇಕೇ ಹಾಕದೆ ಬರ್ತಾ ಇತ್ತು. ಪಕ್ಕದಲ್ಲಿ ವಯಸ್ಸಾದ ಅತ್ತೆ. ಗುದ್ದಿಸಿಕೊಳ್ಳೋ ಬದಲು ನಾಲ್ಕಡಿ ಮುಂದೆ ಹೋದೆ.”

“ಫೋಟೊ ದೊಡ್ಡದು ಮಾಡಿ ತೋರಿಸಿ” ಎಂದರು ಮೇಡಂ. ಗೋಡೆಯ ಮೇಲಿನ ಪರದೆಯಲ್ಲಿ ಹಿಂದಿನ ಕಾರಿನ ಮೂತಿ ಬೆಳೆಯುತ್ತಾ ಬಂತು. ಮೊದಲು ಕೆಂಪು ‘ಎಲ್’ ಬೋರ್ಡು. ಆಮೇಲೆ ಸ್ಟೀರಿಂಗಿಗೆ ಜೋತುಬಿದ್ದ, ಆರು ಜನರಲ್ಲಿ ಒಬ್ಬನಾದ ಟೈಲರ್ ಶಿಷ್ಯ. ಅವನ ಪಕ್ಕದ ಸೀಟಿನಲ್ಲಿ, ರಸ್ತೆಗೆ ಬೆನ್ನು ಕೊಟ್ಟು, ಹಿಂದಿನ ಸೀಟಿನವರ ಕಡೆ ಪೂರ್ತಿ ತಿರುಗಿ, ತೋರುಬೆರಳು ಎತ್ತಿ ಪಾಠ ಹೇಳುತ್ತಿರುವ ಒಂದು ಆಕೃತಿ. ಮುಖ ಕಾಣುತ್ತಿರಲಿಲ್ಲ. ಆದರೆ ಬಟ್ಟಲಿನಂಥ ಆ ಬೋಳುತಲೆಯನ್ನು ಗುರುತಿಸಲು ಮುಖ ಯಾಕೆ ಬೇಕು?

“ಇವರು ಯಾರು?” ಎಂದರು ಮೇಡಂ.

ಕೊನೆಗೆ ಟೈಲರೇ ಎದ್ದ. ಪಾಪ, ಸತ್ಯ ಗೆಲ್ಲುವುದನ್ನು ನೋಡಲು ಬಂದವನು. “ನಮ್ಮ ಮೇಷ್ಟ್ರು, ಮೇಡಂ. ನಾನೇ ಓಡಿಸ್ತಿದ್ದೆ. ಬ್ರೇಕು ಯಾವುದು ಅಂತ ಕೇಳ್ತಾನೇ ಇದ್ದೆ. ಅವರು ಹಿಂದೆ ತಿರುಗಿ, ಯಾವಾಗ್ಲೂ ರಸ್ತೆ ಮೇಲೇ ಕಣ್ಣಿರಬೇಕು ಅಂತ ಹೇಳಿಕೊಡ್ತಿದ್ರು.”

ಮೇಡಂ ಕಡತದಿಂದ ಮುಖ ಮುಚ್ಚಿಕೊಂಡರು. ಅವರ ಭುಜ ಅಲುಗುತ್ತಿತ್ತು. ಮುಖ ಮತ್ತೆ ಕಂಡಾಗ ಹೆಂಡತಿಯ ಮೇಲಿನ ನೋಟಿಸು ರದ್ದಾಗಿತ್ತು. ಪಾಠದ ಕಾರಿಗೆ ಹೊಸ ನೋಟಿಸು ಕಳಿಸಲು ಹುಕುಂ ಆಗಿತ್ತು. ಕೋರ್ಟಿನಲ್ಲಿ ಹೇಳಿದ ಸುಳ್ಳಿಗೆ, “ಹೆಂಡತಿಗೋಸ್ಕರ ಹೇಳಿದ್ದು ಅಂತ ಈ ಸಲ ಬಿಟ್ಟಿದ್ದೀನಿ” ಎಂದು ಎಚ್ಚರಿಕೆಯೂ ಸಿಕ್ಕಿತು.

ಹೊರಗೆ ಬಂದಾಗ ಹೆಂಡತಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು. “ನನಗೋಸ್ಕರ ಬೋರ್ಡನ್ನೂ ಬಿಟ್ಟುಬಿಡೋಕೆ ಹೊರಟಿದ್ರಾ?”

“ಹೂಂ” ಎಂದರು ಮೇಷ್ಟ್ರು, ಕಾಲಿನ ಹೆಬ್ಬೆರಳು ನೋಡುತ್ತಾ. ಅವಳು ಅವರ ಅಂಗಿಯ ಕಾಲರು ಸರಿ ಮಾಡಿದಳು. ಕಾರಿನ ಕೀಲಿ ಮಾತ್ರ ಕೊಡಲಿಲ್ಲ.

ಮೇಷ್ಟ್ರು ಅಭ್ಯಾಸದಂತೆ ಮುಂದಿನ ಬಾಗಿಲಿಗೆ ಕೈ ಹಾಕಿದರೆ ಅಮ್ಮ ಆಗಲೇ ಅಲ್ಲಿ ಕೂತಾಗಿತ್ತು. ಹಿಂದೆ ಹೋಗಿ ಮುದುಡಿ ಕೂತರು. ಹೆಂಡತಿ ಕನ್ನಡಿ ಸರಿ ಮಾಡಿಕೊಂಡಳು. ಅದರೊಳಗಿಂದಲೇ ಗಂಡನನ್ನು ಒಮ್ಮೆ ನೋಡಿ, ಗಾಡಿ ಹೊರಡಿಸಿದಳು. ಒಂದು ಕುಲುಕಿಲ್ಲ, ಒಂದು ಎಳೆತವಿಲ್ಲ. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಬಾಯಿ ತೆರೆದು, ತೋರುಬೆರಳು ಎತ್ತಿದರು.

“ನೋಡು, ಸಿಗ್ನಲ್ ಹತ್ರ ಬಂದಾಗ...”

“ಬೆರಳು ಇಳಿಸಪ್ಪಾ” ಎಂದಳು ಅಮ್ಮ, ತಿರುಗಿಯೂ ನೋಡದೆ. “ಅವಳಿಗೆ ಕನ್ನಡಿಯಲ್ಲಿ ಹಿಂದಿನದು ಕಾಣ್ಬೇಕು.”