ಉಸಿರು ಹಿಡ್ಕೊಳ್ಳಿ ಅಜ್ಜಿ

ನಾನು ಬಾಯಿ ಮುಚ್ಕೊಂಡಿದ್ದ ಕಡೆ ಯಾವ ಎಡವಟ್ಟೂ ಆಗಿಲ್ಲ. ಆದ್ರೆ ನಾನು ಬಾಯಿ ಮುಚ್ಕೊಂಡಿದ್ದೇ ಕಡಿಮೆ. ಹೋದ ವರ್ಷ ಕಾಲು, ಮುಖ ಎಲ್ಲ ಊದ್ಕೊಂಡು, ಸೊಸೆ ಜೊತೆ ಕಿರುಗಾವಲಿನಿಂದ ಮಂಡ್ಯದ ಆಸ್ಪತ್ರೆಯೊಂದಕ್ಕೆ ಹೋದಾಗಲೂ ಅಷ್ಟೇ.

ಕಲ್ಲಂಗಡಿ

"ಕಿಡ್ನಿಯಿಂದ ಸೂಜೀಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು ಅಜ್ಜಿ. ಅದು ಸಿಕ್ಕಿದ್ರೇನೇ ಯಾವ ಔಷಧಿ ಅಂತ ಗೊತ್ತಾಗೋದು. ತಡ ಮಾಡಿದ್ರೆ ಕಿಡ್ನಿ ಕೈ ಕೊಡುತ್ತೆ" ಅಂದ್ರು ಡಾಕ್ಟ್ರು.

ಅಂಥಾ ಹೊತ್ತಲ್ಲೂ ನನ್ನ ಕಣ್ಮುಂದೆ ಬಂದೋನು ಮಳವಳ್ಳಿ ಸಂತೇಲಿ ಕಲ್ಲಂಗಡಿ ಮಾರೋನು. ಹಣ್ಣಲ್ಲಿ ಒಂದು ಚೂರು ಕೊಯ್ದು, ಕೆಂಪಗಿದೆ ನೋಡಿ ಅಂತ ತೋರ್ಸಿ, ಮತ್ತೆ ಅಲ್ಲೇ ಸಿಕ್ಕಿಸಿಬಿಡ್ತಾನಲ್ಲ.

"ನೋಡಾದ್ಮೇಲೆ ಆ ಚೂರ ವಾಪಸ್ ಅಲ್ಲೇ ಮಡಗ್ಬುಡ್ತೀರೇನಪ್ಪ?" ಅಂದೆ.

ಡಾಕ್ಟ್ರು ಸೊಸೆ ಮುಖ ನೋಡಿದ್ರು. ಸೊಸೆ ಫ್ಯಾನು ನೋಡಿದ್ಲು.

ಖಾಲಿ ಹೊಟ್ಟೆ

ಸೂಜಿ ಹಾಕೋ ದಿನ ಬೆಳಿಗ್ಗೆಯಿಂದ ಏನೂ ತಿನ್ನಂಗಿಲ್ಲ ಅಂದಿದ್ರು. ತಿನ್ನಲಿಲ್ಲ. ಎಲೆಅಡಿಕೆ ಹಾಕ್ಕೊಂಡೆ. ಹಾಕ್ಕೊಳ್ಳೋದೇ ಬೇರೆ, ತಿನ್ನೋದೇ ಬೇರೆ ಅಂತ ನನ್ನ ತೀರ್ಮಾನ.

"ಏನಾದ್ರೂ ತಿಂದ್ರಾ ಅಜ್ಜಿ?" ಅಂದ್ಲು ನರ್ಸಮ್ಮ.

"ಒಂದ್ ತೊಟ್ಟು ನೀರೂ ಮುಟ್ಟಿಲ್ಲ ಕಣವ್ವ" ಅಂತ ಬಾಯಿ ತೆಗೆದೆ.

"ಡಾಕ್ಟ್ರೇ, ಅಜ್ಜಿ ಬಾಯಲ್ಲಿ ರಕ್ತ!" ಅಂತ ಕಿರುಚ್ಕೊಂಡು ಓಡೋದ್ಲು. ಸೊಸೆ ನಿಧಾನಕ್ಕೆ ನನ್ನ ಸೊಂಟದಿಂದ ಎಲೆಚೀಲ ಕಿತ್ತು ಮೇಜಿನ ಮೇಲಿಟ್ಲು. ಬೆಳಿಗ್ಗೆಯ ಸೂಜಿ ಸಾಯಂಕಾಲಕ್ಕೆ ಹೋಯ್ತು. ಚೀಲ ಇವತ್ತಿಗೂ ವಾಪಸ್ ಬಂದಿಲ್ಲ.

ಉಸಿರು

ಹೊಟ್ಟೆ ಕೆಳಗೆ ದಿಂಬು ಕೊಟ್ಟು ಬೋರಲು ಮಲಗಿಸಿದ್ರು. ಬೆನ್ನಿಗೆ ತಣ್ಣಗೆ ಏನೋ ಬಳಿದು, ಸ್ಕ್ಯಾನ್ ಮಾಡಿ, ಮರಗಟ್ಟೋ ಇಂಜೆಕ್ಷನ್ ಕೊಟ್ರು. ಕೆಂಜಿಗ ಕಚ್ಚಿದಂಗಾಯ್ತು, ಅಷ್ಟೇ. ಉಸಿರಾಡಿದ್ರೆ ಕಿಡ್ನಿ ಜರುಗುತ್ತೆ, ಹೇಳಿದಾಗ ಉಸಿರು ಹಿಡ್ಕೊಳ್ಳಿ ಅಂದ್ರು ಡಾಕ್ಟ್ರು.

"ಹಿಡ್ಕೊಳ್ಳಿ."

"ಹಿಡ್ಕಂಡಿವ್ನಿ ಕಣಪ್ಪ."

"ಮಾತಾಡಿದ್ರೆ ಉಸಿರು ಬಿಟ್ಟಂಗೇ ಅಜ್ಜಿ. ಇನ್ನೊಂದ್ಸಲ."

"ಆಯ್ತು ಬುಡಪ್ಪ, ಇನ್ನು ಮಾತಾಡಕ್ಕಿಲ್ಲ."

ಅದೂ ಹೋಯ್ತು. ಆಮೇಲೆ "ಈಗ ಸರಿಯಾಗ್ ಹಿಡ್ದಿವ್ನಾ ನೋಡಪ್ಪ" ಅಂದೆ. ಚೂರು ಸಿಕ್ಕದಿದ್ರೆ ನನ್ನ ಗತಿ ಏನು ಅಂತ ಭಯ. ಭಯ ಆದಷ್ಟೂ ನನಗೆ ಮಾತು ಜಾಸ್ತಿ.

ಡಾಕ್ಟ್ರು ಸೂಜಿ ಹಿಡ್ಕೊಂಡೇ ಕೇಳಿದ್ರು: "ಅಜ್ಜಿ, ಬಸ್ಸಾರು ನಿಮ್ಮದು ರುಚೀನೋ, ಸೊಸೇದು ರುಚೀನೋ?"

ಸೊಸೆ ಬಾಗಿಲಾಚೆಗೇ ನಿಂತವ್ಳೆ. ಅವಳದೇ ರುಚಿ ಅಂತ ಊರಿಗೇ ಗೊತ್ತು. ಹೌದು ಅನ್ನಕ್ಕೆ ಮನಸ್ಸಿಲ್ಲ, ಅಲ್ಲ ಅನ್ನಕ್ಕೆ ಧೈರ್ಯ ಇಲ್ಲ. ಉಸಿರು ಇದ್ದಲ್ಲೇ ನಿಂತೋಯ್ತು.

ಬೆನ್ನಲ್ಲಿ 'ಟಕ್' ಅಂತು. "ಸಿಕ್ತು! ಇನ್ನೊಂದು ಚೂರು ಬೇಕು. ಈಗ ಹೇಳಿ, ರುಚಿಯಾಗಿದೆ ಅಂತ ಒಂದಿನಾದ್ರೂ ಅವರಿಗೆ ಹೇಳಿದ್ದೀರಾ?"

'ಟಕ್.'

ಅಂಗಾತ

ಆಮೇಲೆ ಆರು ಗಂಟೆ ಹೊತ್ತು ಅಂಗಾತ ಮಲಗಿರಬೇಕು, ಏಳಂಗಿಲ್ಲ, ಕೋಪ ಮಾಡ್ಕೊಂಡು ಬಿಪಿ ಏರಿಸ್ಕೊಂಡ್ರೆ ಒಳಗೇ ರಕ್ತ ಸೋರುತ್ತೆ ಅಂದ್ರು. ಸೊಸೆ ಸ್ಟೂಲು ಎಳ್ಕೊಂಡು ಪಕ್ಕದಲ್ಲೇ ಕೂತ್ಲು. ನಮ್ಮ ಮನೆ ಹೊಸಿಲು ತುಳಿದ ದಿನದಿಂದ ಶುರು ಮಾಡಿದ್ಲು.

"ನಮ್ಮಪ್ಪ ತಂದ ಹಲಸಿನಹಣ್ಣು ಸಪ್ಪೆ ಅಂತ ಬೀದಿಗೆಲ್ಲಾ ಸಾರ್ಕಂಡು ಬಂದ್ರಲ್ಲಾ ಅತ್ತೆ?"

"ಯಾವತ್ತಮ್ಮಿ ನಾನು..."

"ಬಿಪಿ, ಅತ್ತೆ."

"ನನ್ ಹೊಸ ಸೀರೇನ ನಿಮ್ಮ ಮಗಳಿಗೆ ಉಡ್ಸಿ ಕಳ್ಸುದ್ರಿ" ಅಂತ ಮುಂದುವರಿಸಿದ್ಲು.

"ಅದು ಅವ್ಳೇ..."

"ಬಿಪಿ."

ನರ್ಸಮ್ಮ ಆಗಾಗ ಬಂದು ಬಿಪಿ ನೋಡಿ, ಮೂತ್ರದಲ್ಲಿ ರಕ್ತ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, "ಎಷ್ಟು ಚೆನ್ನಾಗಿ ಸುಮ್ನಿದ್ದೀರಾ ಅಜ್ಜಿ!" ಅಂತ ಹೊಗಳಿ ಹೋಗ್ತಿದ್ಲು. ಹೊತ್ತು ಮುಗೀತು, ಸೊಸೆ ಮಾತು ಮುಗೀಲಿಲ್ಲ.

ಒಂದು ವಾರಕ್ಕೆ ರಿಪೋರ್ಟು ಬಂತು. ಮಾತ್ರೇಲೇ ಹತೋಟಿಗೆ ಬರುತ್ತೆ, ಕಿಡ್ನಿಗೆ ಸದ್ಯಕ್ಕೆ ಮೋಸ ಇಲ್ಲ ಅಂದ್ರು ಡಾಕ್ಟ್ರು. ನನಗೆ ಕಣ್ಣಲ್ಲಿ ನೀರು ಬಂತು. ಸೊಸೆಗೂ ಬಂತು, ಸುಳ್ಳು ಯಾಕೆ ಹೇಳ್ಲಿ.

"ಆದ್ರೆ ಅಜ್ಜಿ, ಬಿಪಿ ಏರಬಾರ್ದು. ಕೋಪ ಮಾಡ್ಕೊಳ್ಳಲೇಬೇಡಿ."

ಸೊಸೆ ಸೆರಗಿಂದ ಕಣ್ಣೊರೆಸ್ಕೊಂಡು ಕೇಳಿದ್ಲು: "ಎಷ್ಟ್ ದಿವ್ಸ ಡಾಕ್ಟ್ರೇ?"

"ಇನ್ಮೇಲೆ ಯಾವಾಗ್ಲೂ."

"ಹಂಗಂತ ಚೀಟೀಲಿ ಬರ್ಕೊಟ್ಬುಡಿ ಡಾಕ್ಟ್ರೇ" ಅಂದ್ಲು. "ನನ್ ಮಾತು ಇನ್ನೂ ಮೊದಲ್ನೇ ಬಾಣಂತನಕ್ಕೇ ಬಂದಿಲ್ಲ."